ಹಳೇ ಸೈ-ಫೈ ಸಿನಿಮಾಗಳಿಗೆ ಹೆದರಿಕೆ ಸಾವಿನದೋ, ಮುಪ್ಪಿನದೋ?

ಹಳೇರೀಲು

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ 60, 70, 80ರ ದಶಕದ ಸೈನ್ಸ್ ಫಿಕ್ಷನ್ ಸಿನಿಮಾಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. ನೋಡ್ತಾ ನೋಡ್ತಾ ಒಂದು ಅನುಮಾನ ಶುರುವಾಗಿದೆ.

ಈ ಸಿನಿಮಾಗಳಲ್ಲಿ ಜನ ಬೇಕಾದಷ್ಟು ಸಾಯುತ್ತಾರೆ. ಆದರೆ ನೆಟ್ಟಗೆ ವಯಸ್ಸಾಗುವವರು ಮಾತ್ರ ಯಾರೂ ಇಲ್ಲ. ಲೋಗನ್ಸ್ ರನ್ (1976) ತಗೊಳ್ಳಿ. ಎಲ್ಲರ ಅಂಗೈಯಲ್ಲೂ ಒಂದು ಹರಳು. 30 ತುಂಬುವ ಹೊತ್ತಿಗೆ ಅದು ಕೆಂಪಗೆ ಮಿಣುಕುತ್ತದೆ. ಆಮೇಲೆ ಕ್ಯಾರೊಸೆಲ್ ಅನ್ನೋ ಸಮಾರಂಭ, ಜನ ಕೇಕೆ ಹಾಕುತ್ತಿರುವಾಗಲೇ ಗಾಳಿಯಲ್ಲಿ ತೇಲಿ ಸಿಡಿದು ಹೋಗುವುದು. ಝಾರ್ಡಾಜ್ (1974) ಇದರ ಉಲ್ಟಾ. ಅಲ್ಲಿ ಯಾರಿಗೂ ಸಾವೇ ಇಲ್ಲ. ತಪ್ಪು ಮಾಡಿದವರಿಗೆ ಕೊಡುವ ಶಿಕ್ಷೆಯೇ ಮುಪ್ಪು. ಬ್ಲೇಡ್ ರನ್ನರ್ (1982) ಸಿನಿಮಾದಲ್ಲಿ ಮನುಷ್ಯರ ಹಾಗೇ ಕಾಣುವ ಕೃತಕ ಜೀವಿಗಳಾದ ರೆಪ್ಲಿಕಂಟ್‌ಗಳಿಗೆ ಆಯುಸ್ಸು ನಾಲ್ಕೇ ವರ್ಷ. 2001: ಎ ಸ್ಪೇಸ್ ಒಡಿಸ್ಸಿಯಲ್ಲಿ (1968) ಗಗನಯಾತ್ರಿ ಬೋಮನ್ ಮುದುಕನಾಗುತ್ತಾನೆ, ನಿಜ. ಆದರೆ ಒಂದು ಕೋಣೆಯಲ್ಲಿ, ಕೆಲವೇ ನಿಮಿಷಗಳಲ್ಲಿ.

ಅಂದರೆ ಒಂದೋ ಹರೆಯದಲ್ಲೇ ಸಾವು, ಇಲ್ಲವೇ ಸಾವಿಲ್ಲದ ಹರೆಯ. ಮಧ್ಯದ ದಾರಿ, ಅಂದರೆ ನಾವೆಲ್ಲ ನಡೆಯುವ ದಾರಿ, ಇವರಿಗೆ ಬೇಡವೇ ಬೇಡ. ಮಂಡಿ ನೋವು, ಹತ್ತಿರದ ಅಕ್ಷರ ಕಾಣದಿರುವುದು, ಗೊತ್ತಿದ್ದ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಇವೆಲ್ಲ ಎಲ್ಲಿ? ಸಾವಿನ ಬಗ್ಗೆ ಮಾತಾಡುವ ಧೈರ್ಯ ಈ ನಿರ್ದೇಶಕರಿಗೆ ಇತ್ತು, ಮುಪ್ಪಿನ ಬಗ್ಗೆ ಇರಲಿಲ್ಲ ಅಂತ ನನ್ನ ವಾದ. ಇಲ್ಲ ಅನ್ನುವವರು ಉದಾಹರಣೆ ಕೊಡಿ.

ಸುಮ್ನೆಬಂದೆ

ಎಲ್ಲರೂ ಮುದುಕರಾದರೆ ಲೇಸರ್ ಗನ್ ಹಿಡಿದು ಕಾರಿಡಾರಿನಲ್ಲಿ ಓಡುವವರು ಯಾರು ಸ್ವಾಮಿ?

ಬಾಹ್ಯಾಕಾಶಿ

ಲೋಗನ್ಸ್ ರನ್ ಬಗ್ಗೆ ಒಂದು ಸೇರಿಸುತ್ತೇನೆ. 1967ರ ಮೂಲ ಕಾದಂಬರಿಯಲ್ಲಿ ಗಡುವು 21ಕ್ಕೆ. ಸಿನಿಮಾದವರು ಅದನ್ನು 30ಕ್ಕೆ ಏರಿಸಿದರು. ಅಷ್ಟು ಏರಿಸಿದರೂ ಸಾಲಲಿಲ್ಲ. ಲೋಗನ್ ಪಾತ್ರದ ಮೈಕಲ್ ಯಾರ್ಕ್ ಹುಟ್ಟಿದ್ದು 1942ರಲ್ಲಿ, ಸಿನಿಮಾ ಬಿಡುಗಡೆಯಾದಾಗ 34. ಅವನನ್ನು ಅಟ್ಟಿಸಿಕೊಂಡು ಬರುವ ಫ್ರಾನ್ಸಿಸ್ ಪಾತ್ರದ ರಿಚರ್ಡ್ ಜೋರ್ಡನ್ ಅವನಿಗಿಂತಲೂ ದೊಡ್ಡವನು. ಕಾನೂನು ಪ್ರಕಾರ ಇಬ್ಬರೂ ಮೊದಲ ದೃಶ್ಯದ ಹೊತ್ತಿಗೇ ಸಿಡಿದು ಹೋಗಿರಬೇಕಿತ್ತು.

ಇನ್ನು ಅದರಲ್ಲಿ ಬರುವ ಆ 'ಮುದುಕ', ಪೀಟರ್ ಉಸ್ತಿನೋವ್. ಅವನಿಗೆ ಆಗ 55ರ ಆಸುಪಾಸು, ಅಷ್ಟೇ.

ಸುಮ್ನೆಬಂದೆ

55ಕ್ಕೆ 'ಮುದುಕ'ನಾ? ಈ ಥ್ರೆಡ್ ಇಲ್ಲಿಗೇ ಮುಚ್ಚಿ. ಮನಸ್ಸಿಗೆ ನೋವಾಯ್ತು.

ಶಾಂತಕ್ಕ

ಹಳೇರೀಲು ಅವರೇ, ನೀವು ಕೇಳಿದ ಉದಾಹರಣೆ ನಿಮ್ಮ ಪಟ್ಟಿಯ ಪಕ್ಕದಲ್ಲೇ ಇದೆ. ಸಾಯ್ಲೆಂಟ್ ಗ್ರೀನ್ (1973) ಯಾಕೆ ಬಿಟ್ಟಿರಿ? ಜನ ತುಂಬಿ ತುಳುಕಿ, ಊಟಕ್ಕೇ ಗತಿಯಿಲ್ಲದ ಮುಂದಿನ ಕಾಲದ ಕಥೆ.

ಅದರಲ್ಲಿ ಸೋಲ್ ರಾತ್ ಅಂತ ಒಬ್ಬ ಮುದುಕ. ಪಾತ್ರ ಮಾಡಿದ್ದು ಎಡ್ವರ್ಡ್ ಜಿ. ರಾಬಿನ್‌ಸನ್. ರಬ್ಬರ್ ಇಲ್ಲ, ಬಿಳಿ ವಿಗ್ ಇಲ್ಲ. ಆ ಮನುಷ್ಯನಿಗೇ ಎಂಬತ್ತರ ಹತ್ತಿರ ಆಗಿತ್ತು, ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಕ್ಯಾನ್ಸರ್ ಬೇರೆ. ಅದೇ ಅವರ ಕೊನೆಯ ಸಿನಿಮಾ. 1973ರ ಜನವರಿಯಲ್ಲಿ ತೀರಿಕೊಂಡರು, ಸಿನಿಮಾ ತೆರೆಗೆ ಬಂದದ್ದು ಆಮೇಲೆ.

ಸೋಲ್ ತಾನಾಗಿ ಸರ್ಕಾರಿ ಕೇಂದ್ರಕ್ಕೆ ಸಾಯಲು ಹೋಗುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಇಷ್ಟವಾಗುವುದು ಅದಕ್ಕೂ ಮೊದಲಿನದು. ಹೊರಗೆ ಜನ ಮೆಟ್ಟಿಲ ಮೇಲೆಲ್ಲ ಮಲಗಿರುತ್ತಾರೆ, ಒಳಗೆ ಈ ಅಜ್ಜ ಸೈಕಲ್ ತುಳಿದು ಮನೆಗೆ ಕರೆಂಟ್ ಮಾಡುತ್ತಾನೆ. ತುಳೀತಾ ತುಳೀತಾ ಹಳೇ ಕಾಲ ಹೇಗಿತ್ತು ಅಂತ ಗೊಣಗುತ್ತಾನೆ. ಆಮೇಲೆ ಜೊತೆಗಿರುವ ಪೊಲೀಸ್ ಥಾರ್ನ್ ಎಲ್ಲಿಂದಲೋ ನಿಜವಾದ ಮಾಂಸ, ಒಂದು ಸೇಬು ತರುತ್ತಾನೆ. ಮಾಂಸ ನೋಡಿದ ಕೂಡಲೇ ಸೋಲ್‌ಗೆ ಅಳು ಬರುತ್ತದೆ. ಎಲ್ಲಿಗೆ ಬಂದು ನಿಂತೆವು ಅನ್ನುವ ಅಳು. ಸಾವಲ್ಲ ಅಲ್ಲಿರುವುದು, ಮುಪ್ಪೇ. ತನ್ನ ಪ್ರಪಂಚ ತನಗಿಂತ ಮೊದಲೇ ಸತ್ತುಹೋದದ್ದನ್ನು ನೋಡುತ್ತಾ ಬದುಕುವುದು ಇದೆಯಲ್ಲ, ಅದು.

ನರ್ಸಮ್ಮ

ಶಾಂತಕ್ಕಾ, ನೀವು ಹೇಳಿದ್ದು ಸರಿ. ಆದರೆ ಆ 'ಸಾಯಲು ಹೋಗುವ' ದೃಶ್ಯವನ್ನು ಎಲ್ಲರೂ 'ಎಷ್ಟು ಚಂದ' ಅಂದಾಗ ನನಗೆ ಮೈ ಉರಿಯುತ್ತದೆ.

ನಾನು ವಯಸ್ಸಾದವರ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ಆ ದೃಶ್ಯವನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಸೋಲ್ ಒಳಗೆ ಬರುತ್ತಾನೆ. ನಿಮಗೆ ಇಷ್ಟದ ಬಣ್ಣ ಯಾವುದು ಅಂತ ಕೇಳುತ್ತಾರೆ. ಕಿತ್ತಳೆ ಅಂತಾನೆ. ಸಂಗೀತ? ಶಾಸ್ತ್ರೀಯ, ಹಗುರದ್ದು. ಹಾಸಿಗೆ, ಬಟ್ಟಲಲ್ಲಿ ಕುಡಿಯಲು ಏನೋ. ಆಮೇಲೆ ಗೋಡೆ ತುಂಬಾ ಹೂವು, ಜಿಂಕೆ, ಸಮುದ್ರ, ಬೀಥೋವನ್ ಸಂಗೀತ. ಇಪ್ಪತ್ತು ನಿಮಿಷ ಕೊಡುತ್ತಾರೆ. ಆಮೇಲೆ ದೇಹ ಲಾರಿಗೆ.

ಆ ಕೇಳುವ ದನಿ ಇದೆಯಲ್ಲ, ಮೆತ್ತಗೆ, ನಗುನಗುತ್ತಾ, ಆದರೆ ಮನಸ್ಸು ಮುಂದಿನ ಬೆಡ್ ಮೇಲೆ. ಆ ದನಿ ನನಗೆ ಚೆನ್ನಾಗಿ ಗೊತ್ತು. ಸುಸ್ತಾದ ದಿನ ನನ್ನ ಗಂಟಲಿನಿಂದಲೂ ಬರುತ್ತದೆ. ನಿರ್ದೇಶಕ ಫ್ಲೀಷರ್ ಅದನ್ನು ಬೇಕಂತಲೇ ಹಾಗೆ ಇಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಅದು ಚಂದದ ದೃಶ್ಯ ಅಲ್ಲ, ಭಯಂಕರ ದೃಶ್ಯ. ಬದುಕಿರುವಾಗ ಒಂದು ಹೂವು ತೋರಿಸದವರು ಸಾಯುವಾಗ ತೋಟ ತೋರಿಸುತ್ತಾರೆ.

ಹಳೇರೀಲು

ನರ್ಸಮ್ಮ ಮೇಡಂ, ನಿಮ್ಮ ಕೊನೆಯ ಸಾಲೇ ನನ್ನ ವಾದ. ಸೋಲ್ ತಾನಾಗಿ ಮುದುಕನಾಗಿ ಸಾಯಲು ಕಥೆ ಬಿಡುವುದಿಲ್ಲ. ಅವನನ್ನೂ ಒಂದು ಬಾಗಿಲಿನಿಂದ ಹೊರಗೆ ಕಳಿಸಿಯೇ ಕಥೆ ಮುಂದೆ ಹೋಗುವುದು.

ನರ್ಸಮ್ಮ

ಕಥೆ ಕಳಿಸಲಿಲ್ಲ ಸರ್, ಅವನೇ ಹೋದ. ಜನರಿಗೆ ತಿನ್ನಿಸುತ್ತಿರುವುದು ಏನು ಅನ್ನುವ ಸತ್ಯ ಗೊತ್ತಾದ ಮೇಲೆ ಬದುಕುವುದು ಬೇಡ ಅನ್ನಿಸಿತು. ಎರಡೂ ಒಂದೇ ಅಲ್ಲ.

ರಬ್ಬರ್‌ಮುಖ

ಯಾರೋ ರಬ್ಬರ್ ಅಂದ್ರಿ, ಬಂದೆ. 😄

ನಾನು ನಾಟಕಕ್ಕೆ ಮೇಕಪ್ ಮಾಡುವವನು. ಚಿಕ್ಕ ವಯಸ್ಸಿನವರನ್ನು ಮುದುಕರಾಗಿಸುವ ಹಳೇ ವಿಧಾನ ಹೇಳ್ತೀನಿ ಕೇಳಿ. ಮುಖದ ಚರ್ಮವನ್ನು ಎಳೆದು ಬಿಗಿ ಹಿಡಿಯಬೇಕು. ಅದರ ಮೇಲೆ ಸ್ಪಂಜಿನಲ್ಲಿ ದ್ರವ ಲೇಟೆಕ್ಸ್ (ರಬ್ಬರ್ ಹಾಲು) ತೆಳ್ಳಗೆ ತಟ್ಟಬೇಕು. ಹಾಗೇ ಹಿಡಿದುಕೊಂಡು ಡ್ರೈಯರ್‌ನಲ್ಲಿ ಒಣಗಿಸಿ, ಪೌಡರ್ ಹಾಕಿ, ಕೈ ಬಿಡಬೇಕು. ಬಿಟ್ಟ ತಕ್ಷಣ ಚರ್ಮ ಮುದುಡಿ ಸುಕ್ಕು ಬೀಳುತ್ತದೆ. ಮುಖಕ್ಕೆ ಚೆನ್ನಾಗಿ ಬರುತ್ತದೆ. ಸಿಕ್ಕಿಬೀಳುವುದು ಕುತ್ತಿಗೆ, ಕೈ, ಕಣ್ಣು, ನಡಿಗೆಯಲ್ಲಿ. ಕಣ್ಣಿಗೆ ಯಾವ ಲೇಟೆಕ್ಸೂ ಇಲ್ಲ.

ಅದಕ್ಕೇ 2001ರ ಆ ಕೋಣೆ ನನಗೆ ಪಾಠ ಇದ್ದಹಾಗೆ. ಬೋಮನ್ ಪಾತ್ರದ ಕೇರ್ ಡುಲಿಯಾಗೆ ಆಗ ಮೂವತ್ತರ ಆಸುಪಾಸು. ಮೇಕಪ್ ಸ್ಟುವರ್ಟ್ ಫ್ರೀಬಾರ್ನ್ ಅವರದು. ಕ್ಯೂಬ್ರಿಕ್ ಅವನ ಬಾಯಿಂದ ಒಂದು ಮಾತೂ ಆಡಿಸುವುದಿಲ್ಲ, ಹೆಚ್ಚು ಓಡಾಡಿಸುವುದೂ ಇಲ್ಲ. ಸುಮ್ನೆ ಊಟಕ್ಕೆ ಕೂರಿಸಿಬಿಡುತ್ತಾರೆ. ತಟ್ಟೆಗೆ ಚಮಚ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೈ ತಾಗಿ ವೈನ್ ಗ್ಲಾಸ್ ಕೆಳಗೆ ಬಿದ್ದು ಒಡೆಯುತ್ತದೆ. ಬೋಮನ್ ಬಗ್ಗಿ ಅದನ್ನೇ ನೋಡುತ್ತಾನೆ, ತಲೆ ಎತ್ತಿದರೆ ಹಾಸಿಗೆಯಲ್ಲಿ ಇನ್ನೂ ಮುದುಕನಾದ ತಾನೇ ಮಲಗಿದ್ದಾನೆ. ಹಳೇರೀಲು ಸರ್ ಇದನ್ನು 'ಕೆಲವೇ ನಿಮಿಷ' ಅಂತ ತಳ್ಳಿಹಾಕಿದರು. ನನ್ನ ಪ್ರಕಾರ ಮುಪ್ಪು ಬರುವುದೇ ಹಾಗೆ. ಯಾವುದೋ ಒಂದು ಕೈತಪ್ಪಿ ಬೀಳುತ್ತದೆ, ಎತ್ತಿಕೊಳ್ಳಲು ಬಗ್ಗಿ ಏಳುವಷ್ಟರಲ್ಲಿ ಹತ್ತು ವರ್ಷ ಹೋಗಿರುತ್ತದೆ.

ಕೊನೇಬೆಂಚು

ವಾವ್. ನಾನು ಆ ಕೋಣೆ ಬಂದಾಗ ಫೋನ್ ನೋಡ್ತಿದ್ದೆ.

ಶಾಂತಕ್ಕ

ಅದಕ್ಕೇ ನಿನಗೆ ಕೊನೇ ಬೆಂಚು ಮಗಾ.

ಬಾಹ್ಯಾಕಾಶಿ

ಫ್ರೀಬಾರ್ನ್ ಹೆಸರು ಬಂತು, ಹಾಗಾಗಿ ಕೇಳ್ತೀನಿ. ಅದೇ ಫ್ರೀಬಾರ್ನ್ 1980ರಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಯೋಡಾ ಬೊಂಬೆ ಮಾಡಿದವರು. ಯೋಡಾಗೆ 900 ವರ್ಷ. ಕೋಲೂರಿ ನಡೆಯುತ್ತಾನೆ, ಗೊಣಗುತ್ತಾನೆ, ಹೇಳಿದ್ದನ್ನೇ ಹೇಳುತ್ತಾನೆ. 1983ರ ರಿಟರ್ನ್ ಆಫ್ ದಿ ಜೆಡೈನಲ್ಲಿ ಹಾಸಿಗೆ ಮೇಲೆ ಮಲಗಿ, ಹೊದಿಕೆ ಎಳೆದುಕೊಂಡು, ವಯಸ್ಸಾಗಿ ಸಾಯುತ್ತಾನೆ. ಗುಂಡೇಟಿಲ್ಲ, ಸ್ಫೋಟ ಇಲ್ಲ. ಹಳೇರೀಲು ಕೇಳಿದ 'ನೆಟ್ಟಗೆ ವಯಸ್ಸಾಗಿ ಸತ್ತವನು' ಇವನೇ ಅಲ್ವಾ?

ಹಳೇರೀಲು

ಮುಪ್ಪಿನಿಂದ ಸಾಯಿಸಲು ಒಬ್ಬ ಮನುಷ್ಯನೂ ಸಿಗದೆ ಬೊಂಬೆಯನ್ನು ಹುಡುಕಬೇಕಾಯ್ತು ನೋಡಿ! ಇದಕ್ಕಿಂತ ಸಾಕ್ಷಿ ಬೇಕಾ ನನಗೆ?

ಸುಮ್ನೆಬಂದೆ

ಈ ಮನುಷ್ಯ ಯಾವ ಕಡೆಯಿಂದ ಎಸೆದರೂ ಕಾಲ ಮೇಲೇ ನಿಲ್ಲುತ್ತಾನೆ.

ಕೊನೇಬೆಂಚು

ಇಂಟರ್‌ಸ್ಟೆಲ್ಲರ್ ಯಾರೂ ಹೇಳಲಿಲ್ಲ? ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಭೂಮಿಯಲ್ಲಿ ಏಳು ವರ್ಷ. ವಾಪಸ್ ಬಂದಾಗ 23 ವರ್ಷದ ವಿಡಿಯೋ ಮೆಸೇಜ್ ಕಾದಿರುತ್ತೆ. ಕೊನೆಗೆ ಮಗಳು ಅಜ್ಜಿ, ಅಪ್ಪ ಇನ್ನೂ ಹಾಗೇ. ನಾನು ಅತ್ತುಬಿಟ್ಟೆ.

ಸುಮ್ನೆಬಂದೆ

2014ರದ್ದು ಕ್ಲಾಸಿಕ್ ಆದರೆ ನಾನು ಪಳೆಯುಳಿಕೆ.

ಬಾಹ್ಯಾಕಾಶಿ

ಕೊನೇಬೆಂಚು, ಅದೇ ವಿಷಯ 1986ರ ಏಲಿಯೆನ್ಸ್‌ನಲ್ಲಿ ಇದೆ, ಒಂದೇ ಒಂದು ಫೋಟೋದಲ್ಲಿ. ಕಥಾನಾಯಕಿ ರಿಪ್ಲಿ 57 ವರ್ಷ ಶೀತನಿದ್ದೆಯಲ್ಲಿ ಇದ್ದು ಏಳುತ್ತಾಳೆ. ಮಗಳ ಹನ್ನೊಂದನೇ ಹುಟ್ಟುಹಬ್ಬಕ್ಕೆ ವಾಪಸ್ ಬರ್ತೀನಿ ಅಂತ ಮಾತು ಕೊಟ್ಟು ಹೋಗಿದ್ದವಳು. ಎದ್ದ ಮೇಲೆ ಒಬ್ಬ ಅಧಿಕಾರಿ ಮಗಳ ಫೋಟೋ ಕೈಗೆ ಕೊಡುತ್ತಾನೆ. ಅದರಲ್ಲಿ ಒಬ್ಬ ಅಜ್ಜಿ. 66ನೇ ವಯಸ್ಸಿನಲ್ಲಿ ತೀರಿಕೊಂಡಿದ್ದಾಳೆ. ಥಿಯೇಟರಿಗೆ ಬಂದ ಆವೃತ್ತಿಯಲ್ಲಿ ಈ ದೃಶ್ಯ ಕತ್ತರಿಸಿದ್ದರು, ಆಮೇಲಿನ ವಿಶೇಷ ಆವೃತ್ತಿಯಲ್ಲಿ ಸೇರಿಸಿದರು.

ಆ ಫೋಟೋದಲ್ಲಿರುವುದು ಯಾರು ಗೊತ್ತಾ? ರಿಪ್ಲಿ ಪಾತ್ರದ ಸಿಗೋರ್ನಿ ವೀವರ್ ಅವರ ಸ್ವಂತ ತಾಯಿ. ಅಂದರೆ ನಟಿ ತನ್ನ ಅಮ್ಮನ ಫೋಟೋ ಹಿಡಿದು, ಇದು ನನ್ನ ಮಗಳು ಅಂತ ಅಳುತ್ತಿದ್ದಾರೆ.

ಕೊನೇಬೆಂಚು

ಅಯ್ಯೋ. ಇದು ಗೊತ್ತೇ ಇರಲಿಲ್ಲ. ಇವತ್ತೇ ವಿಶೇಷ ಆವೃತ್ತಿ ಹುಡುಕ್ತೀನಿ.

ಶಾಂತಕ್ಕ

ಹೆಂಗಸರ ವಿಷಯ ಬಂತು, ಇನ್ನು ನಾನು ಸುಮ್ಮನಿರಲ್ಲ.

ಗಂಡಸರಿಗೆ ವಯಸ್ಸಾದರೆ ಬಿಳಿ ಗಡ್ಡ, ಜ್ಞಾನ, ಒಂದು ಸಿಂಹಾಸನ. ಹೆಂಗಸಿಗೆ ವಯಸ್ಸಾದರೆ? ರಾಕ್ಷಸಿ. ರೋಜರ್ ಕಾರ್ಮನ್ ಅವರ ದಿ ವಾಸ್ಪ್ ವುಮನ್ (1959) ನೋಡಿ. ಸೌಂದರ್ಯವರ್ಧಕ ಕಂಪನಿಯ ಒಡತಿ. ಮುಖ ಸ್ವಲ್ಪ ಮಾಗಿದ ಕೂಡಲೇ ವ್ಯಾಪಾರ ಬೀಳುತ್ತದೆ. ಕಣಜದ ರಸ ಚುಚ್ಚಿಸಿಕೊಂಡು ಹರೆಯ ಪಡೆದು, ಕೊನೆಗೆ ತಾನೇ ಕಣಜವಾಗಿ ಜನರನ್ನು ಕೊಲ್ಲುತ್ತಾಳೆ. ಮರುವರ್ಷವೇ ದಿ ಲೀಚ್ ವುಮನ್ (1960). ಅದರಲ್ಲಿ ಹೆಂಗಸು ಯೌವನಕ್ಕಾಗಿ ಗಂಡಸರ ಮೆದುಳಿನಲ್ಲಿರುವ ಪೀನಿಯಲ್ ಗ್ರಂಥಿಗೇ ಕೈ ಹಾಕುತ್ತಾಳೆ. ಪ್ಲಾನೆಟ್ ಆಫ್ ದಿ ಏಪ್ಸ್ (1968) ಶುರುವಾಗುವುದು ಹೇಗೆ? ನೌಕೆಯಲ್ಲಿ ನಾಲ್ಕು ಜನ ಶೀತನಿದ್ದೆಯಲ್ಲಿ. ಮೂವರು ಗಂಡಸರು ಎದ್ದಾಗ ಗಡ್ಡ ಬಂದಿದೆ, ಅಷ್ಟೇ. ಇದ್ದ ಒಬ್ಬಳೇ ಹೆಂಗಸು ಪೆಟ್ಟಿಗೆಯೊಳಗೆ ಸುಕ್ಕಿ ಒಣಗಿ ಹೋಗಿದ್ದಾಳೆ.

ಹಾಗಾಗಿ ಹಳೇರೀಲು, ನಿಮ್ಮ ಪ್ರಶ್ನೆ ಅರ್ಧ. ಇವರು ಮುಪ್ಪಿಗೆ ಹೆದರುತ್ತಾರೆ ನಿಜ. ಆದರೆ ಯಾರ ಮುಪ್ಪಿಗೆ?

ಹಳೇರೀಲು

ಅಕ್ಕಾ, ಏಪ್ಸ್ ಉದಾಹರಣೆ ಸ್ವಲ್ಪ ಎಳೆದ ಹಾಗಾಯ್ತು. ಅವಳ ಪೆಟ್ಟಿಗೆಯಿಂದ ಗಾಳಿ ಸೋರಿತ್ತು, ಅದಕ್ಕೆ ಸತ್ತಳು. ಕಣಜದ ಸಿನಿಮಾ ಅಗ್ಗದ ಬಜೆಟ್ಟಿನ ಡ್ರೈವ್-ಇನ್ ಸರಕು. ಅದನ್ನು ತಾರ್ಕೋವ್‌ಸ್ಕಿಯ ಸೊಲಾರಿಸ್ ಪಕ್ಕ ಇಟ್ಟು ತೂಗೋದು ಸರೀನಾ?

ಶಾಂತಕ್ಕ

ಯಾರ ಪೆಟ್ಟಿಗೆಯಿಂದ ಗಾಳಿ ಸೋರಬೇಕು ಅಂತ ಬರೆದವರು ಯಾರು? ಗಾಳಿ ತಾನಾಗೇ ತೀರ್ಮಾನ ಮಾಡಿತಾ? ಇನ್ನು ಅಗ್ಗದ ಸಿನಿಮಾನೇ ಜಾಸ್ತಿ ನಿಜ ಹೇಳೋದು. ದೊಡ್ಡ ನಿರ್ದೇಶಕರು ಮುಚ್ಚಿಟ್ಟು ಹೇಳುತ್ತಾರೆ. ಆ ಕಂಪನಿಯ ಒಡತಿ ಹೆದರಿದ್ದು ಸಾವಿಗಲ್ಲ, ತನ್ನ ಮುಖಕ್ಕೆ ಬೆಲೆ ಇಳಿದದ್ದಕ್ಕೆ. ಅದು ನಿಮ್ಮ ವಾದಕ್ಕೇ ಸರಿಯಾದ ಉದಾಹರಣೆ. ಬಿಟ್ಟಿ ಕೊಟ್ಟರೂ ಬೇಡ ಅಂತೀರಲ್ಲ.

ನರ್ಸಮ್ಮ

👏👏 ಬ್ರೈನ್‌ಸ್ಟಾರ್ಮ್ (1983) ಕೂಡ ಸೇರಿಸಿ ಅಕ್ಕಾ, ಅಲ್ಲಿ ವಿಷಯ ಬೇರೆ ರೀತಿ. ಲೂಯಿಸ್ ಫ್ಲೆಚರ್ ಒಬ್ಬ ವಿಜ್ಞಾನಿ, ಸದಾ ಬಾಯಲ್ಲಿ ಸಿಗರೇಟು. ರಾತ್ರಿ ಲ್ಯಾಬ್‌ನಲ್ಲಿ ಒಬ್ಬಳೇ ಇದ್ದಾಗ ಹೃದಯಾಘಾತ. ಸಹಾಯ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಹೇಗೋ ಮನುಷ್ಯರ ಅನುಭವ ರೆಕಾರ್ಡ್ ಮಾಡುವ ಯಂತ್ರ ತಲೆಗೆ ಹಾಕಿಕೊಂಡು ತನ್ನ ಸಾವನ್ನೇ ರೆಕಾರ್ಡ್ ಮಾಡುತ್ತಾಳೆ. ನೋವಲ್ಲೂ ಕೆಲಸ ಬಿಡಲ್ಲ. ಎಷ್ಟೋ ಸಾವು ನೋಡಿದ್ದೇನೆ, ಸಿನಿಮಾದಲ್ಲಿ ಇಷ್ಟು ನಂಬುವ ಹಾಗೆ ಯಾರೂ ಸತ್ತಿಲ್ಲ. ಆ ಸಿನಿಮಾದ ಇನ್ನೊಬ್ಬ ನಟಿ ನಟಾಲಿ ವುಡ್ ಚಿತ್ರೀಕರಣ ಮುಗಿಯುವ ಮೊದಲೇ, 1981ರ ನವೆಂಬರ್‌ನಲ್ಲಿ ತೀರಿಕೊಂಡರು. ಅದು ಗೊತ್ತಿದ್ದು ನೋಡುವುದು ಕಷ್ಟ.

ನಿದ್ದೆಗೇಡಿ

ತಡವಾಗಿ ಬಂದೆ. ಸೊಲಾರಿಸ್ (1972) ಹೆಸರು ಎತ್ತಿ ಅಲ್ಲೇ ಬಿಟ್ಟಿದ್ದೀರಿ.

ಎಲ್ಲರೂ ನಾಯಕನ ಹೆಂಡತಿ ಹರಿಯ ಬಗ್ಗೆ ಮಾತಾಡುತ್ತಾರೆ. ಸತ್ತ ಹೆಂಡತಿ ವಾಪಸ್ ಬರುತ್ತಾಳೆ, ದ್ರವ ಆಮ್ಲಜನಕ ಕುಡಿದು ಸಾಯಲು ನೋಡಿದರೂ ಮತ್ತೆ ಜೀವ ಬರುತ್ತದೆ. ಸರಿ. ಆದರೆ ಆ ಸಿನಿಮಾದ ಮುಪ್ಪು ಇರುವುದು ಅಪ್ಪನಲ್ಲಿ. ಮೊದಲ ಭಾಗ ಪೂರ್ತಿ ಭೂಮಿಯಲ್ಲೇ ನಡೆಯುತ್ತದೆ. ಮಗ ದೂರದ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದಾನೆ. ಅವನು ವಾಪಸ್ ಬರುವಷ್ಟರಲ್ಲಿ ಅಪ್ಪ ಇರುವುದಿಲ್ಲ, ಇಬ್ಬರಿಗೂ ಗೊತ್ತು. ಆದರೂ ಮಾತು ಹೊಂದುವುದಿಲ್ಲ, ಜಗಳ ಆಗುತ್ತದೆ. ರಾಕೆಟ್ ಹಾರುವುದನ್ನು ತಾರ್ಕೋವ್‌ಸ್ಕಿ ತೋರಿಸುವುದೇ ಇಲ್ಲ. ಈ ಜಗಳ ತೋರಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಮನೆಯೊಳಗೇ ಮಳೆ ಬೀಳುತ್ತಿರುತ್ತದೆ, ಅಪ್ಪನ ಬೆನ್ನ ಮೇಲೆ ನೀರು ಸುರಿಯುತ್ತಿದೆ, ಅವನಿಗೆ ಅದರ ಪರಿವೆಯೇ ಇಲ್ಲ, ಪುಸ್ತಕ ಜೋಡಿಸುತ್ತಿದ್ದಾನೆ. ನಾನು ನೋಡಿದ ಮುಪ್ಪಿನ ಚಿತ್ರಗಳಲ್ಲಿ ಇದು ಎಲ್ಲಕ್ಕಿಂತ ಮೇಲು.

ಸುಮ್ನೆಬಂದೆ

ಆ ಸಿನಿಮಾ ಮುಗಿಯುವಷ್ಟರಲ್ಲಿ ನನಗೂ ಮುಪ್ಪು ಬಂದಿತ್ತು.

ನಿದ್ದೆಗೇಡಿ

ಈ ಜೋಕನ್ನು ನಿಮಗಿಂತ ಮೊದಲು ಭೂಮಿಯ ಮೇಲಿನ ಎಲ್ಲರೂ ಹೇಳಿಯಾಗಿದೆ ಗುರು.

ಬಾಹ್ಯಾಕಾಶಿ

ನೌಕೆಯ ಕಂಪ್ಯೂಟರ್ ಹ್ಯಾಲ್ 9000 ಸಾವನ್ನು ಯಾಕೆ ಯಾರೂ ಲೆಕ್ಕಕ್ಕೆ ತಗೊಳ್ಳುತ್ತಿಲ್ಲ? 2001ರಲ್ಲಿ ಶೀತನಿದ್ದೆಯಲ್ಲಿದ್ದ ಮೂವರು ಮನುಷ್ಯರು ಸಾಯುವುದು ಪರದೆ ಮೇಲೆ ಒಂದಷ್ಟು ಗೆರೆ ಚಪ್ಪಟೆಯಾಗುವುದರಲ್ಲಿ ಮುಗಿಯುತ್ತದೆ. ಯಂತ್ರ ಸಾಯಲು ಮಾತ್ರ ನಿಮಿಷಗಟ್ಟಲೆ. ಬೋಮನ್ ಒಂದೊಂದೇ ಬಿಲ್ಲೆ ಎಳೆಯುತ್ತಾ ಹೋಗುತ್ತಾನೆ, ಹ್ಯಾಲ್ ಹೆದರಿಕೆ ಆಗುತ್ತಿದೆ ಅನ್ನುತ್ತಾನೆ. ದನಿ ನಿಧಾನವಾಗುತ್ತಾ ಕೊನೆಗೆ ಮೊದಲು ಕಲಿತ ಹಾಡಿಗೆ ಹೋಗಿ ನಿಲ್ಲುತ್ತದೆ. ಡೈಸಿ ಬೆಲ್ ಹಾಡು ಸುಮ್ನೆ ಆರಿಸಿದ್ದಲ್ಲ. 1961ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ ಕಂಪ್ಯೂಟರಿನಿಂದ ಅದೇ ಹಾಡು ಹಾಡಿಸಿದ್ದರು, ಅದನ್ನು ಆರ್ಥರ್ ಸಿ. ಕ್ಲಾರ್ಕ್ ಕೇಳಿದ್ದರು.

ನರ್ಸಮ್ಮ

ಇದು ಮರೆವಿನ ಕಾಯಿಲೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ನಿನ್ನೆ ಬಂದ ಮಗನ ಗುರುತು ಹಿಡಿಯದವರು ಚಿಕ್ಕಂದಿನ ಹಾಡನ್ನು ಪೂರ್ತಿ ಹಾಡುತ್ತಾರೆ. ಹಳೇರೀಲು ಸರ್, ನಿಮಗೆ ಬೇಕಾದ 'ಹೆಸರು ಮರೆಯುವ' ದೃಶ್ಯ ಇಲ್ಲಿದೆ ನೋಡಿ.

ಹಳೇರೀಲು

ಇದನ್ನು ಹೀಗೆ ಯೋಚಿಸಿರಲಿಲ್ಲ. ಆದರೂ ಗಮನಿಸಿ, ಒಂದು ಬೊಂಬೆ ಆಯ್ತು, ಈಗ ಒಂದು ಕಂಪ್ಯೂಟರು. ಮನುಷ್ಯರು ಎಲ್ಲಿ?

ಬಾಹ್ಯಾಕಾಶಿ

ಇನ್ನೊಂದು ತಮಾಷೆ. ಸಿನಿಮಾದಲ್ಲಿ ಹ್ಯಾಲ್ ತಾನು ಶುರುವಾದದ್ದು 1992ರ ಜನವರಿ 12 ಅನ್ನುತ್ತಾನೆ. ಪುಸ್ತಕದಲ್ಲಿ ಅದು 1997. ಸಿನಿಮಾ ಲೆಕ್ಕ ಹಿಡಿದರೆ ಸಾಯುವಾಗ ಹ್ಯಾಲ್‌ಗೆ ಒಂಬತ್ತು ವರ್ಷ.

ಸುಮ್ನೆಬಂದೆ

ಒಂಬತ್ತು ವರ್ಷದ ಕಂಪ್ಯೂಟರ್ ಅಂದ್ರೆ ನಿಜಕ್ಕೂ ಮುದುಕನೇ. ನನ್ನದು ಐದಕ್ಕೇ ಹಾಡಲು ಶುರು ಮಾಡಿತು.

ರಬ್ಬರ್‌ಮುಖ

ಮನುಷ್ಯರೇ ಬೇಕಾ? ಸ್ಟಾರ್ ಟ್ರೆಕ್ ಎರಡನೆಯದು, ದಿ ರಾತ್ ಆಫ್ ಖಾನ್ (1982). ಕರ್ಕ್‌ನ, ಅಂದರೆ ಕಥಾನಾಯಕನ, ಹುಟ್ಟುಹಬ್ಬ. ಡಾಕ್ಟರ್ ಮೆಕಾಯ್ ಕೊಡುವ ಉಡುಗೊರೆ ಏನು? ಓದುವ ಕನ್ನಡಕ! ಆ ಕಾಲದ ಕಣ್ಣಿನ ಔಷಧಿ ಕರ್ಕ್‌ಗೆ ಅಲರ್ಜಿಯಂತೆ. ಗ್ಯಾಲಕ್ಸಿ ತಿರುಗಿದವನು ಹತ್ತಿರದ ಅಕ್ಷರ ಕಾಣದೆ ಮುಖ ಸಿಂಡರಿಸುತ್ತಾನೆ. ಶತ್ರುವಿನ ಹಡಗಿನ ರಹಸ್ಯ ಸಂಖ್ಯೆ ಒತ್ತಬೇಕಾದ ಹೊತ್ತಿಗೆ ಅದೇ ಕನ್ನಡಕ ತಡಕಾಡುತ್ತಾನೆ. ಗೆಳೆಯ ಸ್ಪಾಕ್ ಸತ್ತ ಮೇಲೆ ಹೊರಗೆ ತೆಗೆದರೆ ಒಂದು ಗಾಜು ಒಡೆದಿದೆ. ಕನ್ನಡಕ, ಹುಟ್ಟುಹಬ್ಬದ ಬೇಜಾರು, ಗೆಳೆಯನ ಸಾವು, ದೊಡ್ಡವನಾಗಿಬಿಟ್ಟ ಮಗ. ನೀವು ಮೊದಲ ಪೋಸ್ಟಿನಲ್ಲಿ ಕೇಳಿದ್ದು ಎಲ್ಲಾ ಇದೆ. ಮಂಡಿ ನೋವೊಂದು ಇಲ್ಲ.

ಹಳೇರೀಲು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಂತ ಖುಷಿ ಪಡಬೇಡಿ. ಸಿನಿಮಾ ಮುಗಿಯುವಾಗ ಅದೇ ಕರ್ಕ್ ನನಗೀಗ ಹರೆಯ ಬಂದ ಹಾಗಿದೆ ಅನ್ನುತ್ತಾನೆ. ಮುದುಕನಾಗಿದ್ದು ಎರಡೇ ಗಂಟೆ!

ನಿದ್ದೆಗೇಡಿ

ಬ್ಲೇಡ್ ರನ್ನರ್‌ಗೂ ನೀವು ಅನ್ಯಾಯ ಮಾಡಿದ್ದೀರಿ. ನಾಲ್ಕು ವರ್ಷ ಅಂದಮಾತ್ರಕ್ಕೆ ಮುಪ್ಪು ಇಲ್ಲ ಅಂತಲ್ಲ. ಕೊನೆಯ ಅಟ್ಟಾಟದಲ್ಲಿ ರೆಪ್ಲಿಕಂಟ್‌ಗಳ ನಾಯಕ ರಾಯ್ ಬ್ಯಾಟಿಯ ಕೈ ನೋಡಿ. ಬೆರಳು ಸೆಟೆದುಕೊಂಡು ಮಡಚಿಕೊಳ್ಳುತ್ತಿದೆ. ಹಲಗೆಯಿಂದ ಮೊಳೆ ಕಿತ್ತು ಅಂಗೈಗೆ ಚುಚ್ಚಿಕೊಳ್ಳುತ್ತಾನೆ, ಇನ್ನೊಂದು ಸ್ವಲ್ಪ ಹೊತ್ತು ಕೆಲಸ ಮಾಡಲಿ ಅಂತ. ಮಾತು ಕೇಳದ ಕೈ ಅದು. ರೆಪ್ಲಿಕಂಟ್‌ಗಳ ವಿನ್ಯಾಸ ಮಾಡುವ ಸೆಬಾಸ್ಟಿಯನ್ ಅಂತೂ 25ಕ್ಕೇ ಮುದುಕ, ಮೆಥೂಸೆಲಾ ಸಿಂಡ್ರೋಮ್ ಅನ್ನೋ ಕಾಯಿಲೆ. ಅದಕ್ಕೇ ಬೇರೆ ಗ್ರಹಕ್ಕೆ ಹೋಗಲು ಬಿಡದೆ ಖಾಲಿ ಕಟ್ಟಡದಲ್ಲಿ ಬೊಂಬೆಗಳ ಜೊತೆ ಇರುತ್ತಾನೆ. ಬ್ಯಾಟಿಗೂ ಅವನಿಗೂ ಗೆಳೆತನ ಬೆಳೆಯುವುದೇ ಇಬ್ಬರ ದೇಹವೂ ಗಡಿಯಾರಕ್ಕಿಂತ ಜೋರಾಗಿ ಓಡುತ್ತಿದೆ ಅನ್ನುವ ಕಾರಣಕ್ಕೆ.

ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ. ಬ್ಯಾಟಿ ಪಾತ್ರ ಮಾಡಿದ ರಟ್ಗರ್ ಹೌರ್ ತೀರಿಕೊಂಡದ್ದು 2019ರ ಜುಲೈನಲ್ಲಿ, 75ನೇ ವಯಸ್ಸಿಗೆ. ಅವರಿಗಾದರೂ ನಾಲ್ಕಕ್ಕಿಂತ ಜಾಸ್ತಿ ಸಿಕ್ಕಿತು.

ಶಾಂತಕ್ಕ

ಕಕೂನ್ (1985) ಯಾರೂ ನೋಡಿಲ್ವಾ? ಪೂರ್ತಿ ಮುದುಕ ಮುದುಕಿಯರ ಸಿನಿಮಾ. ಡಾನ್ ಅಮೀಚಿಗೆ ಪೋಷಕ ನಟ ಆಸ್ಕರ್ ಕೂಡ ಬಂತು.

ಹಳೇರೀಲು

ಅಕ್ಕಾ, ಅದು ಮೋಸ. ಅನ್ಯಗ್ರಹದವರ ಈಜುಕೊಳಕ್ಕೆ ಇಳಿದರೆ ಸಾಕು ಹರೆಯ ವಾಪಸ್. ಕೊನೆಗೆ ಎಲ್ಲರೂ ನೌಕೆ ಹತ್ತಿ ಸಾವಿಲ್ಲದ ಲೋಕಕ್ಕೆ. ಮುಪ್ಪಿನಿಂದ ಓಡಿಹೋಗುವ ಸಿನಿಮಾ ಅದು.

ಶಾಂತಕ್ಕ

ಬರ್ನಿಯನ್ನು ಮರೆತಿರಾ? ಜ್ಯಾಕ್ ಗಿಲ್‌ಫೋರ್ಡ್ ಮಾಡಿದ ಪಾತ್ರ. ಎಲ್ಲರೂ ಕೊಳಕ್ಕೆ ಇಳಿದರೂ ಅವನು ಇಳಿಯುವುದಿಲ್ಲ, ಇದು ಸೃಷ್ಟಿಗೆ ವಿರುದ್ಧ ಅಂತ ಹಟ. ಹೆಂಡತಿ ರೋಸಿಯನ್ನೂ ಬಿಡುವುದಿಲ್ಲ. ಅವಳು ಸತ್ತ ಮೇಲೆ, ಆ ಹೆಣವನ್ನು ಹೊತ್ತುಕೊಂಡು ಅದೇ ಕೊಳಕ್ಕೆ ಬರುತ್ತಾನೆ. ನೀರು ಎತ್ತಿ ಎತ್ತಿ ಅವಳ ಮೈ ಮೇಲೆ ಹಾಕುತ್ತಾನೆ. ಅಷ್ಟು ಹೊತ್ತಿಗೆ ನೀರಿನ ಶಕ್ತಿ ಮುಗಿದಿರುತ್ತದೆ. ಕೊನೆಗೆ ಎಲ್ಲರೂ ಹೊರಟಾಗಲೂ ಅವನು ಇಲ್ಲೇ ಉಳಿಯುತ್ತಾನೆ. ಓಡಿಹೋಗದವನೊಬ್ಬ ಇದ್ದಾನೆ, ಅವನಿಗೆ ಅದರ ಬೆಲೆ ಎಷ್ಟಾಯ್ತು ಅಂತಲೂ ತೋರಿಸಿದ್ದಾರೆ. ಅದು ಮೋಸ ಹೇಗಾಗುತ್ತೆ?

ಬಾಹ್ಯಾಕಾಶಿ

ಕಕೂನ್‌ನಲ್ಲಿ ಅಜ್ಜಂದಿರ ಪೈಕಿ ವಿಲ್ಫರ್ಡ್ ಬ್ರಿಮ್ಲಿಗೆ ಬಿಡುಗಡೆ ಹೊತ್ತಿಗೆ 50, ಅಷ್ಟೇ. ಅಮೀಚಿಗೆ 77. ಇಬ್ಬರೂ ಒಂದೇ ವಾರಗೆಯ ಗೆಳೆಯರಾಗಿ ನಟಿಸಿದ್ದಾರೆ.

ಸುಮ್ನೆಬಂದೆ

50ಕ್ಕೇ ವೃದ್ಧಾಶ್ರಮ! ಮೊದಲು 55, ಈಗ 50. ನೀವು ಬೇಕಂತಲೇ ಇಳಿಸುತ್ತಿದ್ದೀರಿ ಅಲ್ವಾ?

ಕೊನೇಬೆಂಚು

ನಿಜ ಹೇಳಿ, ಇದರಲ್ಲಿ ಯಾವುದಾದ್ರೂ ಹೆದರಿಸೋ ಸಿನಿಮಾ ಇದ್ಯಾ? ಎಲ್ಲಾ ಬೇಜಾರು ತರಿಸೋದೇ.

ನಿದ್ದೆಗೇಡಿ

ಸೆಕೆಂಡ್ಸ್ (1966). ಫ್ರಾಂಕನ್‌ಹೈಮರ್ ಅವರದು. ಒಬ್ಬ ಮಧ್ಯವಯಸ್ಸಿನ ಬ್ಯಾಂಕ್ ನೌಕರ, ಬದುಕು ಸಪ್ಪೆಯಾಗಿದೆ. ಒಂದು ಗುಪ್ತ ಕಂಪನಿ ಅವನು ಸತ್ತ ಅಂತ ಜಗತ್ತಿಗೆ ನಂಬಿಸಿ, ಶಸ್ತ್ರಚಿಕಿತ್ಸೆ ಮಾಡಿ ಹೊಸ ಮುಖ, ಹೊಸ ಬದುಕು ಕೊಡುತ್ತದೆ. ಹೊಸ ಮುಖ ಅಂದರೆ ರಾಕ್ ಹಡ್ಸನ್! ಆದರೂ ಒಳಗಿರುವವನು ಹಳಬನೇ. ಒಂದು ದಿನ ತನ್ನ ಹೆಂಡತಿಯನ್ನೇ ನೋಡಲು ಅಪರಿಚಿತನ ಹಾಗೆ ಹೋಗುತ್ತಾನೆ. ತೀರಿಹೋದ ಗಂಡ ಹೇಗಿದ್ದ ಅಂತ ಕೇಳುತ್ತಾನೆ. ಅವಳು ಗುರುತು ಹಿಡಿಯದೆ, ತಣ್ಣಗೆ, ಅವರು ಸತ್ತು ಬಹಳ ಕಾಲವಾಗಿತ್ತು ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ಕೊನೆ ನಾನು ಹೇಳಲ್ಲ.

ನಮ್ಮ ಯಯಾತಿಯ ಕಥೆ ನೆನಪಾಗುತ್ತದೆ. ಆದರೆ ಯಯಾತಿ ಮಗನಿಂದ ತಗೊಂಡ ಹರೆಯವನ್ನು ಕೊನೆಗೆ ಮಗನಿಗೇ ವಾಪಸ್ ಕೊಟ್ಟ, ಕೊಡಲು ದಾರಿಯೂ ಇತ್ತು. ಇಲ್ಲಿ ವಾಪಸ್ ಕೊಡುತ್ತೇನೆ ಅಂದರೂ ತಗೊಳ್ಳುವವರಿಲ್ಲ.

ರಬ್ಬರ್‌ಮುಖ

ಹೆದರಿಕೆ ಅಂದ್ರೆ ದಿ ಫ್ಲೈ (1986). ಏಡ್ಸ್ ಬಗ್ಗೆ ಅಂತ ಬಹಳ ಜನ ಓದಿದರು, ಕ್ರೋನೆನ್‌ಬರ್ಗ್ ಮಾತ್ರ ತಾನು ಯೋಚಿಸಿದ್ದು ವಯಸ್ಸಾಗುವುದರ ಬಗ್ಗೆ ಅಂತ ಹೇಳಿದ್ದಾರೆ. ನೊಣವಾಗುತ್ತಾ ಹೋಗುವ ವಿಜ್ಞಾನಿ ಜೆಫ್ ಗೋಲ್ಡ್‌ಬ್ಲಮ್‌ಗೆ ಉಗುರು ಉದುರುತ್ತದೆ, ಹಲ್ಲು ಉದುರುತ್ತದೆ, ಕಿವಿ ಬೀಳುತ್ತದೆ. ಬಿದ್ದದ್ದನ್ನೆಲ್ಲ ಬಚ್ಚಲಿನ ಔಷಧಿ ಕಪಾಟಿನಲ್ಲಿ ಜೋಡಿಸಿ ಇಡುತ್ತಾನೆ, ಅದಕ್ಕೆ ಮ್ಯೂಸಿಯಂ ಅಂತ ಹೆಸರು ಬೇರೆ. ಅದಕ್ಕೆ ಮೇಕಪ್ ಆಸ್ಕರ್ ಬಂತು, ಬರಲೇಬೇಕಿತ್ತು.

ಶಾಂತಕ್ಕ

ಹಲ್ಲು ಕೈಗೆ ಬಂದಾಗ ತಮಾಷೆ ಮಾಡುತ್ತಾನಲ್ಲ, ಅದು ಮಾತ್ರ ನೂರಕ್ಕೆ ನೂರು ನಿಜ. ಬೇರೆ ಏನು ಮಾಡೋಕಾಗುತ್ತೆ?

ಕೊನೇಬೆಂಚು

ಸೆಕೆಂಡ್ಸ್ ನೋಡಿದೆ. ಆ ಕೊನೇ ದೃಶ್ಯ! ಸ್ಟ್ರೆಚರ್‌ಗೆ ಕಟ್ಟಿ ತಳ್ಕೊಂಡು ಹೋಗೋದು! ಯಾಕೆ ಮೊದಲೇ ಎಚ್ಚರಿಕೆ ಕೊಡಲಿಲ್ಲ ನಿದ್ದೆಗೇಡಿ ಸರ್? ನಿಮ್ಮ ಹೆಸರು ಈಗ ನನಗೆ ಬಂತು. ಫ್ಲೈ ನೋಡಲ್ಲ, ಕೈ ಮುಗೀತೀನಿ. ಮುಂದಿನದ್ದು ಯಾವುದು? ಯಾರೂ ಸಾಯದೇ ಇರೋದು ಹೇಳಿ.

ನಿದ್ದೆಗೇಡಿ

ಝಾರ್ಡಾಜ್. ಅಲ್ಲಿ ಯಾರೂ ಸಾಯಲ್ಲ, ಅದೇ ಅವರ ಗೋಳು.

ಹಳೇರೀಲು

ಪಾಪ, ಮೊದಲೇ ಹೇಳಿಬಿಡಿ, ಅದರಲ್ಲಿ ಶಾನ್ ಕಾನರಿ ಇಡೀ ಸಿನಿಮಾ ಕೆಂಪು ಚಡ್ಡಿಯಲ್ಲೇ ಓಡಾಡುತ್ತಾನೆ.

ಸುಮ್ನೆಬಂದೆ

ವಯಸ್ಸು ಎಷ್ಟು ಅವನಿಗೆ ಆಗ? ಬಾಹ್ಯಾಕಾಶಿ, ಬೇಗ ಹೇಳಿ. 50ಕ್ಕಿಂತ ಕಡಿಮೆ ಇದ್ದರೆ ನಾನು ಈ ವೇದಿಕೆ ಬಿಟ್ಟು ಹೋಗ್ತೀನಿ.

ಬಾಹ್ಯಾಕಾಶಿ

1930ರಲ್ಲಿ ಹುಟ್ಟಿದವರು. ನೀವೇ ಕಳೆಯಿರಿ.